ಮಾಯಾ ಗುಡಿಯ ಗ್ರಹಣ, ಎಜ್‌ವೇರಿನ ಹುರುಳಿಕಾಯಿ

ಲಂಡನ್ನಿನ ಹೇಸ್‌ನಲ್ಲಿ ನಮ್ಮ ಬೀದಿಯಲ್ಲೇ ಬಾಡಿಗೆಗಿರುವ ಹುಡುಗಿಯೊಬ್ಬಳು ಮೊನ್ನೆ ಟೂರ್ ಮ್ಯಾನೇಜರ್ ಕೆಲಸಕ್ಕೆ ಸೇರಿದಳು. ಸಿಹಿ ಕೊಡಲು ಬಂದವಳು, "ಆಂಟೀ, ಪ್ರಪಂಚ ಎಲ್ಲಾ ಪುಕ್ಕಟೆ ನೋಡ್ಬಹುದು ಅಲ್ವಾ?" ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ರೋಮ್ ನಗರಕ್ಕೆ ನಾನು ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿ ನನಗೆ ಚೆನ್ನಾಗಿ ಗೊತ್ತಿರುವುದು, ಕಾಫಿ ಕುಡಿಯದವರಿಗೂ ಟಾಯ್ಲೆಟ್ ಬಿಡುವ ಪುಣ್ಯಾತ್ಮ ಯಾವ ಬೀದಿಯಲ್ಲಿದ್ದಾನೆ ಎಂಬುದು. ಪ್ಯಾರಿಸ್ಸಿನ ಗೋಪುರದ ಬುಡದಲ್ಲಿ ನಿಂತು ನಾನು ನೋಡಿದ್ದೆಲ್ಲ ನಮ್ಮ ಗುಂಪಿನವರ ತಲೆಗಳನ್ನು. ಎಣಿಸಿದಾಗಲೆಲ್ಲ ಒಂದು ಕಡಿಮೆ ಬರುತ್ತಿತ್ತು. ಕೊನೆಗೆ ನನ್ನ ತಲೆಯನ್ನು ಬಿಟ್ಟೆನೇನೋ ಎಂದು ಮತ್ತೆ ಎಣಿಸಬೇಕು.

ಆ ಹುಡುಗಿಗೆ ಬಾಯಲ್ಲಿ ಹೇಳಿ ಮುಗಿಯುವುದಲ್ಲ ಎಂದು ಇದನ್ನು ಬರೆಯಲು ಕುಳಿತೆ.

ನಾನು ಐರಿನ್. ಉಡುಪಿ ಕಡೆಯವಳು. ಮನೆಯಲ್ಲಿ ಕೊಂಕಣಿ, ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ, ಶಾಲೆಯಲ್ಲಿ ಕನ್ನಡ. ಹಾಗಾಗಿ ನನ್ನ ಕನ್ನಡ ಸ್ವಲ್ಪ ಪಾಠಪುಸ್ತಕದ್ದು. "ಮೇಡಂ, ನ್ಯೂಸ್ ಓದ್ತಾ ಇದೀರಾ?" ಎಂದು ಬೆಂಗಳೂರಿನ ಐಟಿ ಹುಡುಗರು ಬಸ್ಸಿನಲ್ಲಿ ಕೀಟಲೆ ಮಾಡುವುದು ಮಾಮೂಲಾಗಿತ್ತು. ಅಕ್ಸ್‌ಬ್ರಿಡ್ಜ್‌ನಲ್ಲಿ ಒಂದು ಶೂ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಲಂಡನ್ನಿನ ಭಾರತೀಯ ಕುಟುಂಬಗಳನ್ನು ಗುಂಪುಗುಂಪಾಗಿ ಹೊರದೇಶಗಳಿಗೆ ಕರೆದೊಯ್ಯುವುದು ವ್ಯಾಪಾರ. ಕನ್ನಡದವರ ಗುಂಪು ಬಂದರೆ ಅದು ನನ್ನ ತಲೆಗೆ.

ಕೆಲಸಕ್ಕೆ ಸೇರಿದಾಗ ನನ್ನ ಆಯುಧ ಒಂದು ಕೆಂಪು ಕೊಡೆ. ಅದನ್ನು ಎತ್ತಿ ಹಿಡಿದು ಮುಂದೆ ನಡೆದರೆ ಜನ ಹಿಂದೆ ಬರುತ್ತಿದ್ದರು. ಆಮೇಲೆ ವಾಟ್ಸಪ್ ಬಂತು, ಕೊಡೆ ಕೈಚೀಲದ ತಳ ಸೇರಿತು. ಇದನ್ನು ಸುಧಾರಣೆ ಎಂದು ಆಫೀಸಿನವರು ಹೇಳುತ್ತಿದ್ದರು. ಬಸ್ಸಿನ ಹಿಂದಿನ ಸೀಟಿನವರು ಮುಂದಿನ ಸೀಟಿನವರಿಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುವರು. ಮುಂದಿನವರು ಹಿಂದಿನವರಿಗೆ ಉದಯಿಸುವ ಸೂರ್ಯನನ್ನು ಕಳಿಸುವರು. ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆಂಬ ನನ್ನ ಸಂದೇಶ ಆ ಹೂರಾಶಿಯ ಅಡಿಯಲ್ಲಿ ಸಮಾಧಿ.

ನಮ್ಮ ಮೇಲಧಿಕಾರಿ ಕಾಲಿನ್ ಬಗ್ಗೆಯೂ ಹೇಳಬೇಕು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾನು ಮಾರುವ ಯಾವ ಪ್ರವಾಸಕ್ಕೂ ಹೋದವನಲ್ಲ. ಮ್ಯಾಪ್ ನೋಡಿ ಕಾರ್ಯಕ್ರಮ ಬರೆಯುತ್ತಿದ್ದ. ಎರಡು ಊರಿನ ನಡುವೆ ಒಂದು ಗಂಟೆ ಎಂದು ಮ್ಯಾಪ್ ಹೇಳಿದರೆ ಅವನಿಗೂ ಒಂದೇ ಗಂಟೆ. ನಮ್ಮ ಜನ ಬಸ್ಸಿನಿಂದ ಇಳಿಯುವುದೇ ಒಂದು ಉತ್ಸವ ಎಂದು ಅವನಿಗೆ ಹೇಗೆ ತಿಳಿಯಬೇಕು? ಮಂಡಿ ನೋವಿನವರು ಮೊದಲು, ಅವರ ಚೀಲ ಆಮೇಲೆ, ಎಲ್ಲರೂ ಇಳಿದ ಮೇಲೆ ಟೋಪಿ ಮರೆತವರು ವಾಪಸ್ ಹತ್ತಬೇಕು.

ಕಾಲಿನ್ ಬಹಳ ಪ್ರೀತಿಯಿಂದ ಮಾರುತ್ತಿದ್ದುದು ಮೆಕ್ಸಿಕೋ ಪ್ರವಾಸ. ಸಮುದ್ರ ದಂಡೆಯ ಹೋಟೆಲಿನಲ್ಲಿ ಒಂದು ವಾರ, ಅದರಲ್ಲಿ ಒಂದು ದಿನ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಹಳೆಯ ಊರು ಮತ್ತು ಸೆನೋಟೆ. ಸೆನೋಟೆ ಅಂದರೆ ಸುಣ್ಣಕಲ್ಲಿನ ನೆಲ ಕುಸಿದು ತಾನಾಗಿ ಆದ ಮಡು. ನಮ್ಮೂರ ಬಾವಿಯನ್ನು ಹತ್ತು ಪಟ್ಟು ಅಗಲ ಮಾಡಿ, ಒಳಗೆ ತಿಳಿನೀಲಿ ನೀರು ತುಂಬಿ, ಅಂಚಿಗೆ ಬಳ್ಳಿ ಇಳಿಬಿಟ್ಟ ಹಾಗೆ ಇರುತ್ತದೆ. ಅದರಲ್ಲಿ ಈಜಬಹುದು. ನೀರು ಕೆಡಬಾರದೆಂದು ಇಳಿಯುವ ಮೊದಲು ಷವರಿನಲ್ಲಿ ಮೈಯ ಕ್ರೀಮು, ತಲೆಯ ಎಣ್ಣೆ ಎಲ್ಲ ತೊಳೆದುಕೊಳ್ಳಬೇಕು, ಲೈಫ್ ಜಾಕೆಟ್ ಕಟ್ಟಿಕೊಳ್ಳಬೇಕು.

ನಮ್ಮವರು ಇಳಿಯುತ್ತಿರಲಿಲ್ಲ. ಅಷ್ಟು ದೂರ ಹೋಗಿ, ದಡದಲ್ಲಿ ಕೈಕಟ್ಟಿ ನಿಂತು, ಮಕ್ಕಳಿಗೆ ಹುಷಾರು ಎಂದು ಕೂಗಿ, ಫೋಟೋ ತೆಗೆದು, ಊಟ ಎಷ್ಟೊತ್ತಿಗೆ ಎಂದು ನನ್ನನ್ನು ಕೇಳುವರು. ಇವರು ದುಡ್ಡು ಕೊಟ್ಟು ನೀರು ನೋಡಲು ಬರುತ್ತಾರಾ ಎಂದು ಅಲ್ಲಿನ ಗೈಡ್ ಮಾರಿಸೋಲ್ ನನ್ನನ್ನು ಒಮ್ಮೆ ಕೇಳಿದ್ದಳು. ಅವಳು ಮಾಯಾ ಕುಟುಂಬದ ಹೆಣ್ಣು, ಇಂಗ್ಲಿಷು ಚೆನ್ನಾಗಿ ಬಲ್ಲವಳು. ತಲೆಸ್ನಾನ ಬೆಳಿಗ್ಗೆಯೇ ಆಗಿದೆ ಎಂದು ಅವಳಿಗೆ ವಿವರಿಸಿ ನಾನು ಸೋತಿದ್ದೆ.

ನಿವೃತ್ತಿಗೆ ಸ್ವಲ್ಪ ಮುಂಚಿನ ಒಂದು ಮೆಕ್ಸಿಕೋ ಪ್ರವಾಸಕ್ಕೆ ಹೊರಡುವಾಗ ಕಾಲಿನ್ ನನ್ನ ಕೈಗೆ ಒಂದು ಅಂಟು ಹಾಕಿದ ಪೆಟ್ಟಿಗೆ ಕೊಟ್ಟ. ಮಾಯಾ ಊರಿಗೆ ಹೋಗುವ ದಿನ ಬಸ್ಸಿನಲ್ಲಿ ಎಲ್ಲರ ಮುಂದೆ ಒಡೆಯಬೇಕು, ಅಲ್ಲಿಯವರೆಗೆ ನೀನೂ ನೋಡಬಾರದು, ಗ್ರಾಹಕರಿಗೆ ಕಂಪನಿಯ ವಿಶೇಷ ಉಡುಗೊರೆ ಎಂದು ಕಣ್ಣು ಹೊಡೆದ. ಚಾಕಲೇಟ್ ಇರಬೇಕು, ಬಿಸಿಲಿಗೆ ಕರಗುವುದು ಖಂಡಿತ ಎಂದುಕೊಂಡೆ.

ಆ ಗುಂಪಿನಲ್ಲಿ ಲಂಡನ್ನಿನ ಎಜ್‌ವೇರಿನ ಒಂದು ಕುಟುಂಬವಿತ್ತು. ಮೈಸೂರಿನ ಜಯಲಕ್ಷ್ಮಮ್ಮ, ಮಗ ವಿನಯ್, ಸೊಸೆ ಪಲ್ಲವಿ. ಪಲ್ಲವಿಗೆ ಐದು ತಿಂಗಳು. ಈ ಪ್ರವಾಸ ಅವಳದೇ ಆಸೆ. ಮೊದಲ ಸಲ ವೀಸಾ ಕೈಕೊಟ್ಟಿತು, ಎರಡನೇ ಸಲ ಲಾಕ್‌ಡೌನ್ ಬಂತು, ಮೂರನೇ ಸಲ ಅತ್ತೆಯ ಮಂಡಿ ಆಪರೇಷನ್ನಿನ ಸರದಿ ಬಂತು. ಲಂಡನ್ನಿನಲ್ಲಿ ವರ್ಷಗಟ್ಟಲೆ ಕಾದ ಆಪರೇಷನ್ನಿನ ಸರದಿ ಬಂದಾಗ ಯಾರೂ ಮೆಕ್ಸಿಕೋಗೆ ಹೋಗುವುದಿಲ್ಲ. ಈ ಸಲ ತಪ್ಪಿದರೆ ಮಗು ದೊಡ್ಡದಾಗುವವರೆಗೆ ಇಲ್ಲ ಎಂದು ಅವಳು ವಿಮಾನದಲ್ಲೇ ನನಗೆ ಹೇಳಿದ್ದಳು. ಮಾಯಾ ಜನ ಕಟ್ಟಿದ ಆ ಕಲ್ಲಿನ ಗುಡಿಯ ಎದುರು ನಿಲ್ಲಬೇಕು, ಅಷ್ಟೇ ಸಾಕು ಎಂದಿದ್ದಳು.

ಆ ದಿನ ಬೆಳಿಗ್ಗೆ ಬಸ್ಸು ಹೊರಟು ಎಲ್ಲರೂ ಒಂದು ಸುತ್ತು ಚಕ್ಕುಲಿ ಹಂಚಿಕೊಂಡ ಮೇಲೆ ನಾನು ಮೈಕು ಹಿಡಿದು ಪೆಟ್ಟಿಗೆ ಒಡೆದೆ. ಒಳಗೆ ರಟ್ಟಿನ ಕಪ್ಪು ಕನ್ನಡಕಗಳು, ಜೊತೆಗೆ ಕಾಲಿನ್ ಬರೆದ ಒಂದು ಚೀಟಿ. ಅದನ್ನು ಮೈಕಿನಲ್ಲೇ ಕನ್ನಡ ಮಾಡುತ್ತ ಓದಿದೆ. ಪ್ರಿಯ ಅತಿಥಿಗಳೇ, ಈ ದಿನ ನೀವು ಮಾಯಾ ಗುಡಿಯ ಎದುರು ನಿಂತು ಸೂರ್ಯಗ್ರಹಣ ನೋಡಲಿದ್ದೀರಿ ಎನ್ನುವಷ್ಟರಲ್ಲಿ ನನ್ನ ದನಿ ಇಂಗಿತು. ಬಸ್ಸಿನಲ್ಲಿ ಚಕ್ಕುಲಿ ಕಡಿಯುವ ಸದ್ದು ನಿಂತಿತು.

ಪಾಪ, ಕಾಲಿನ್ ಒಳ್ಳೆಯದೇ ಬಯಸಿದ್ದ. ಅವನ ಊರಿನವರು ಗ್ರಹಣ ನೋಡಲು ದುಡ್ಡು ಕೊಟ್ಟು ದೇಶ ದೇಶ ಸುತ್ತುತ್ತಾರೆ. ನಮ್ಮಲ್ಲಿ ಕದ ಹಾಕಿಕೊಂಡು ಒಳಗೆ ಕೂರುತ್ತಾರೆ ಎಂದು ಅವನಿಗೆ ಹೇಳಿದವರಿಲ್ಲ.

"ನಮ್ಮ ಪಂಚಾಂಗದಲ್ಲಿ ಇಲ್ವಲ್ಲಾ?" ಎಂದರು ಜಯಲಕ್ಷ್ಮಮ್ಮ. ಎಲ್ಲಿಂದ ಇರಬೇಕು? ಆ ಗ್ರಹಣ ಭಾರತದಲ್ಲಿ ಕಾಣುವಂಥದ್ದಲ್ಲ. ವಿನಯ್ ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡತೊಡಗಿದ. ಹೊರಗೆ ಬರೀ ಪೊದೆ. ಇವನಿಗೆ ಮೊದಲೇ ಗೊತ್ತಿತ್ತು ಎಂದು ನನಗೆ ಆಗಲೇ ಹೊಳೆಯಿತು, ಅವನ ತಾಯಿಗೂ ಹೊಳೆಯಿತು.

ಆಮೇಲೆ ಬಸ್ಸಿನಲ್ಲಿ ನಡೆದ ಚರ್ಚೆಯನ್ನು ಪಾರ್ಲಿಮೆಂಟಿನವರು ಬಂದು ಕಲಿಯಬೇಕಿತ್ತು. ಇಂಡಿಯಾದಲ್ಲಿ ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ ಎಂದರು ಒಬ್ಬರು. ನಾವು ಇಂಡಿಯಾದಲ್ಲಿ ಇಲ್ಲವಲ್ಲ ಎಂದರು ಇನ್ನೊಬ್ಬರು. ಮನೆ ಲಂಡನ್ನಿನಲ್ಲಿ, ಕೌನ್ಸಿಲ್ ಟ್ಯಾಕ್ಸ್ ಅಲ್ಲಿ ಕಟ್ಟುತ್ತೇವೆ, ಗ್ರಹಣವೂ ಅಲ್ಲಿಯದೇ ಲೆಕ್ಕ ಎಂದ ಒಬ್ಬ ಐಟಿ ಹುಡುಗ. ಧಾರವಾಡದ ಪಾಟೀಲರು ಮಾತ್ರ ಸುಮ್ಮನೆ ಡಬ್ಬಿ ಬಿಚ್ಚಿ ರೊಟ್ಟಿ ತೆಗೆದರು. ಗ್ರಹಣ ಹತ್ತಿರವಿರುವಾಗ ತಿನ್ನುವುದೇ ಎಂದು ಯಾರೋ ಕೇಳಿದ್ದಕ್ಕೆ, "ಶುಗರ್ ಗುಳಿಗಿ ತಗೊಂಡೀನ್ರಿ. ಸೂರ್ಯಗ ಏನಾಗ್ತದೋ ಗೊತ್ತಿಲ್ಲ, ತಿನ್ನಲಿಲ್ಲಂದ್ರ ನಾ ಮೊದಲ ಬೀಳ್ತೀನಿ" ಎಂದರು.

ಕೊನೆಗೆ ಮೈಸೂರಿನ ಶಾಸ್ತ್ರಿಗಳಿಗೆ ಫೋನ್ ಹೋಯಿತು. ಅಲ್ಲಿ ಸಂಜೆ. ಸ್ಪೀಕರಿನಲ್ಲಿ ಅವರ ದನಿ ಇಡೀ ಬಸ್ಸಿಗೆ ಕೇಳಿತು. "ಮನೆ ಎಲ್ಲಿದ್ರೇನಮ್ಮಾ, ನೀವು ನಿಂತಿರೋ ಕಡೆ ಕಾಣುತ್ತೆ ಅಂದ್ಮೇಲೆ ಆಚರಣೆ ಇದೆ. ನಿಂತ ನೆಲದ ಕ್ರಮ ಏನೋ ಅದನ್ನ ಮಾಡಿ."

ಜಯಲಕ್ಷ್ಮಮ್ಮ ಫೋನ್ ಇಟ್ಟು, ಎದ್ದು, ಪಲ್ಲವಿ ಕುಳಿತ ಕಡೆಯ ಪರದೆ ಎಳೆದರು. ಎದುರು ಕಡೆಯದನ್ನೂ ಎಳೆದರು.

ಮಾಯಾ ಊರು ತಲುಪಿದಾಗ ಮಾರಿಸೋಲ್ ಗುಂಪನ್ನು ಕರೆದುಕೊಂಡು ಗೇಟಿನ ಒಳಗೆ ಹೋದಳು. ಬಸ್ಸಿನಲ್ಲಿ ಉಳಿದವರು ಅತ್ತೆ, ಸೊಸೆ, ನಾನು. ವಿನಯ್ ಒಳಗೂ ಇರದೆ ಹೊರಗೂ ಹೋಗದೆ ಮೆಟ್ಟಿಲ ಮೇಲೆ ನಿಂತಿದ್ದ. ನಮ್ಮ ಟಿಕೆಟ್ಟು ಮಧ್ಯಾಹ್ನದವರೆಗೆ, ಆಮೇಲೆ ಸೆನೋಟೆ. ಗ್ರಹಣ ಬಿಡುವ ತನಕ ಬಸ್ಸಿನಲ್ಲಿ ಕುಳಿತರೆ ಪಲ್ಲವಿಗೆ ಗುಡಿ ಇಲ್ಲ. ಮರಗಳ ಆಚೆ ಅದರ ತುದಿ ಮಾತ್ರ ಕಾಣುತ್ತಿತ್ತು. ಅವಳು ಪರದೆಯ ಸಂದಿನಿಂದ ಅದನ್ನೇ ನೋಡುತ್ತಿದ್ದಳು.

"ನಾನು ಜಗಳ ಆಡಲ್ಲ ಐರಿನ್ ಆಂಟಿ" ಎಂದಳು ಮೆಲ್ಲಗೆ. "ಅವರು ಹೆದರಿದ್ದಾರೆ. ಆದ್ರೆ ನಂಗೆ ಅಳು ಬರ್ತಿದೆ."

ಇಂಥ ಹೊತ್ತಿನಲ್ಲಿ ಮಧ್ಯೆ ಬಾಯಿ ಹಾಕಬಾರದೆಂದು ಕಂಪನಿಯ ತರಬೇತಿಯಲ್ಲಿ ಹೇಳಿದ್ದರು. ನಾನು ಹಾಕಿದೆ. ಜಯಲಕ್ಷ್ಮಮ್ಮನ ಪಕ್ಕ ಕುಳಿತು, ಅಮ್ಮಾ, ಒಂದು ಕೊಡೆ ಹಿಡಿದುಕೊಂಡು ಹೋಗಿ ಬರುವ ಎಂದೆ. ಅವರು ಸಿಟ್ಟು ಮಾಡುತ್ತಾರೆಂದು ಎಣಿಸಿದ್ದೆ. ಮಾಡಲಿಲ್ಲ. ನನ್ನ ಕಡೆ ನೋಡದೆ ಹೇಳಿದರು.

"ವಿನಯ್‌ಗಿಂತ ಮುಂಚೆ ನಂಗೊಂದು ಹೆಣ್ಣುಮಗು ಆಗ್ಬೇಕಿತ್ತು. ಗ್ರಹಣ ಹಿಡಿದಿತ್ತು, ನಮ್ಮತ್ತೆ ಒಳಗೆ ಮಲಕ್ಕೋ ಅಂದ್ರು. ರಾತ್ರಿಗೆ ಪಲ್ಯಕ್ಕಾಗುತ್ತೆ ಅಂತ ಹುರುಳಿಕಾಯಿ ಹೆಚ್ತಾ ಕೂತೆ. ಮಗು ಉಳೀಲಿಲ್ಲ. ಯಾರೂ ನನ್ನ ಒಂದು ಮಾತು ಅನ್ನಲಿಲ್ಲ ಕಣಮ್ಮ. ಬೈದಿದ್ರೆ ಚೆನ್ನಾಗಿತ್ತು."

ಮುಂದಿನ ಸೀಟಿನಲ್ಲಿ ಪಲ್ಲವಿ ಅಲುಗಾಡದೆ ಕುಳಿತಿದ್ದಳು. ಮೆಟ್ಟಿಲ ಮೇಲಿದ್ದ ವಿನಯ್ ತಲೆ ತಗ್ಗಿಸಿದ. ತನಗೊಬ್ಬಳು ಅಕ್ಕ ಇರಬೇಕಿತ್ತು ಎಂದು ಅವನಿಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಹುರುಳಿಕಾಯಿಯಿಂದ ಹಾಗಾಗುವುದಿಲ್ಲ ಎಂದು ಡಾಕ್ಟರ ಹಾಗೆ ಹೇಳಬಹುದಿತ್ತು. ಅದನ್ನು ಅವರು ಎಷ್ಟು ಸಲ ಕೇಳಿರಬಹುದು, ಅಥವಾ ಕೇಳುವ ಧೈರ್ಯವೇ ಮಾಡಿರಲಿಕ್ಕಿಲ್ಲ.

ಅಷ್ಟರಲ್ಲಿ ಮಾರಿಸೋಲ್ ಮರಳಿ ಬಂದಳು, ಜೊತೆಗೆ ಅವಳ ವಯಸ್ಸಾದ ತಾಯಿ ಎಸ್ತೆಲಾ. ಗೇಟಿನ ಬಳಿ ಕಸೂತಿ ಹಾಕಿದ ಬಿಳಿ ಅಂಗಿ ಮಾರುವ ಹೆಂಗಸು. ಬಸುರಿಯೊಬ್ಬಳು ಗ್ರಹಣಕ್ಕೆ ಹೆದರಿ ಬಸ್ಸಿನಲ್ಲಿ ಪರದೆ ಹಾಕಿ ಕುಳಿತಿದ್ದಾಳೆ ಎಂದು ಮಗಳಿಂದ ಕೇಳಿ, ಅಂಗಡಿ ಬಿಟ್ಟು ಎದ್ದು ಬಂದಿದ್ದರು. ಅವರು ಮಾಯಾ ಭಾಷೆಯಲ್ಲಿ ಪಾದ್ರಿಗಳ ಪ್ರಸಂಗದಷ್ಟು ಉದ್ದ ಮಾತಾಡಿದರು. ಮಾರಿಸೋಲ್ ಅದನ್ನು ಇಂಗ್ಲಿಷಿನಲ್ಲಿ ಎರಡು ವಾಕ್ಯ ಮಾಡಿದಳು. ನಾನು ಕನ್ನಡಕ್ಕೆ ತರುವ ಹೊತ್ತಿಗೆ ಉಳಿದದ್ದು ಇಷ್ಟು: ಇಲ್ಲಿಯೂ ಬಸುರಿಯರಿಗೆ ಗ್ರಹಣ ಆಗದು. ಹೊರಗೆ ಹೋಗಲೇಬೇಕಾದರೆ ಹೊಟ್ಟೆಯ ಮೇಲೆ ಕೆಂಪು ಬಟ್ಟೆ ಇರಬೇಕು, ಅದಕ್ಕೆ ಒಂದು ಪಿನ್ನು ಚುಚ್ಚಿರಬೇಕು. ಮೇಲೆ ನೋಡಬಾರದು.

ಜಯಲಕ್ಷ್ಮಮ್ಮ ಎಸ್ತೆಲಾರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಂಥ ಮಾತು ಹೇಳಲು ಅರ್ಹತೆ ಬೇಕಲ್ಲ. "ಇವ್ರಿಗೆ ಮಕ್ಕಳೆಷ್ಟು, ಕೇಳಿ" ಎಂದರು. ನಾನು ಮಾರಿಸೋಲಳನ್ನು ಕೇಳಿದೆ. ಅವಳು ತಾಯಿಯನ್ನು ಕೇಳುವ ಮೊದಲೇ ಎಸ್ತೆಲಾ ಬೆರಳುಗಳನ್ನು ಬಿಡಿಸಿ ತೋರಿಸಿದರು. ಆಮೇಲೆ ಒಂದು ಬೆರಳನ್ನು ಮಡಚಿದರು.

ಆ ಮಡಚಿದ ಬೆರಳನ್ನು ಜಯಲಕ್ಷ್ಮಮ್ಮ ಬಹಳ ಹೊತ್ತು ನೋಡಿದರು. ಅದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ.

"ಅಮ್ಮಾ" ಎಂದೆ ನಾನು, "ನಿಂತ ನೆಲದ ಕ್ರಮ ಅಂತ ಶಾಸ್ತ್ರಿಗಳು ಹೇಳಿದ್ದಲ್ವಾ? ಈ ನೆಲದ ಕ್ರಮ ಇದು."

ಜಯಲಕ್ಷ್ಮಮ್ಮ ತಮ್ಮ ಬಲಗೈಯ ಬಳೆಯಲ್ಲಿ ನೇತಾಡುತ್ತಿದ್ದ ಪಿನ್ನುಗಳಲ್ಲಿ ಒಂದನ್ನು ಬಿಡಿಸಿದರು. ನಮ್ಮ ಕಡೆಯ ಯಾವ ಹೆಂಗಸಿನ ಬಳೆಯಲ್ಲಿ ನಾಲ್ಕು ಪಿನ್ನು ಇರುವುದಿಲ್ಲ? ಎಸ್ತೆಲಾ ತಂದಿದ್ದ ಕೆಂಪು ಬಟ್ಟೆಯ ತುಂಡನ್ನು ಪಲ್ಲವಿಯ ಕುರ್ತಾದ ಮೇಲಿಟ್ಟು ಚುಚ್ಚಿದರು. ಒಂದು ಸಾಲದಿದ್ದರೆ ಎಂದು ಇನ್ನೊಂದು. ಮೆಟ್ಟಿಲಲ್ಲಿದ್ದ ಮಗನನ್ನು ಕರೆದು ಅವನ ಟೀ ಶರ್ಟಿಗೂ ಒಂದು ಚುಚ್ಚಿದರು. ಗ್ರಹಣದ ವಿಷಯ ಮುಚ್ಚಿಟ್ಟಿದ್ದಕ್ಕೋ ರಕ್ಷೆಗೋ ಗೊತ್ತಾಗಲಿಲ್ಲ. ಪಿನ್ನು ಸ್ವಲ್ಪ ಒಳಗೇ ಇಳಿಯಿತು ಎಂದು ಅವನು ಆಮೇಲೆ ಹೇಳಿದ.

ನಾನು ಕೈಚೀಲದ ತಳದ ಕೆಂಪು ಕೊಡೆಯನ್ನು ಹೊರಗೆ ತೆಗೆದೆ. ವಾಟ್ಸಪ್ಪಿನಿಂದ ಆ ದಿನ ನೆರಳು ಸಿಗುವಂತಿರಲಿಲ್ಲ.

ಗುಡಿಯ ಎದುರಿನ ಬಯಲಿನ ಅಂಚಿಗೆ ಒಂದು ದೊಡ್ಡ ಬೂರುಗದ ಮರ. ಕೊಡೆಯ ಕೆಳಗೆ ಪಲ್ಲವಿಯನ್ನು ನಡೆಸಿಕೊಂಡು ಅದರಡಿಗೆ ಹೋದೆವು. ಬೆಳಕು ಕಂದಿತ್ತು, ಬಿಸಿಲಿದ್ದೂ ಬಿಸಿಲಿನಂತಿರಲಿಲ್ಲ. ಪಲ್ಲವಿ ಗುಡಿಯನ್ನು ನೋಡುತ್ತ ನಿಂತಳು. ಮಾರಿಸೋಲ್ ಹೇಳುವ ರಾಜರ ಕಥೆಯನ್ನೆಲ್ಲ ಕೇಳಿದಳೋ ಇಲ್ಲವೋ, ಎರಡು ಕೈಯನ್ನೂ ಆ ಕೆಂಪು ಬಟ್ಟೆಯ ಮೇಲಿಟ್ಟುಕೊಂಡಿದ್ದಳು. ಜಯಲಕ್ಷ್ಮಮ್ಮ ಮೇಲೆ ನೋಡಬಾರದೆಂದು ತಲೆ ತಗ್ಗಿಸಿ ನೆಲವನ್ನೇ ನೋಡುತ್ತಿದ್ದರು. ಹಾಗಾಗಿ ಅದನ್ನು ಮೊದಲು ಕಂಡವರು ಅವರೇ.

ಎಲೆಗಳ ಸಂದಿನಿಂದ ನೆಲಕ್ಕೆ ಬಿದ್ದ ಬೆಳಕಿನ ಚುಕ್ಕಿಗಳೆಲ್ಲ ಅರ್ಧ ಕಡಿದು ಹೋಗಿದ್ದವು. ಮರದ ಕೆಳಗೆಲ್ಲ ಬಳೆಚೂರು ಚೆಲ್ಲಿದ ಹಾಗೆ. ಅವರ ಸೀರೆಯ ಮೇಲೆ, ನನ್ನ ತೋಳಿನ ಮೇಲೆ, ಪಾಟೀಲರ ಬೋಳುತಲೆಯ ಮೇಲೆ. ಜಯಲಕ್ಷ್ಮಮ್ಮ ಗಾಬರಿಯಿಂದ ಸೀರೆ ಕೊಡವಿಕೊಂಡರು. ಚೂರುಗಳು ಹೋಗಲಿಲ್ಲ. ಒಂದೊಂದು ಚೂರೂ ಒಬ್ಬೊಬ್ಬ ಸೂರ್ಯ, ಹೆದರಬೇಡಿ ಎಂದು ಮಾರಿಸೋಲ್ ಹೇಳಿದ್ದನ್ನು ನಾನು ಕನ್ನಡ ಮಾಡಿದೆ. ನೋಡನೋಡುತ್ತ ಚೂರುಗಳ ತುದಿಗಳು ಕೂಡಿ ಬಂದವು, ನೆಲದ ತುಂಬ ಇಡೀ ಬಳೆಗಳಾದವು, ಅದು ಕಂಕಣ ಗ್ರಹಣ. ಸ್ವಲ್ಪ ಹೊತ್ತಿಗೆ ಮತ್ತೆ ಒಡೆದು, ಇನ್ನೊಂದು ಕಡೆಯಿಂದ ತುಂಬತೊಡಗಿದವು.

ಹುಟ್ಟಿದಾಗಿನಿಂದ ಗ್ರಹಣವೆಂದರೆ ಕತ್ತಲೆಕೋಣೆ ಎಂದಷ್ಟೇ ತಿಳಿದಿದ್ದ ಜಯಲಕ್ಷ್ಮಮ್ಮ ಅಂಗೈ ಚಾಚಿದರು. ಅಂಗೈಯಲ್ಲಿ ಒಂದು ಸಣ್ಣ ಬಳೆಚೂರು ಬಂದು ಕುಳಿತಿತು.

"ಇಷ್ಟೇನಾ?" ಎಂದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ. "ಇಷ್ಟಕ್ಕೇನಾ ನಾನು ಇಷ್ಟು ವರ್ಷ..."

ಪಲ್ಲವಿ ಕೊಡೆಯನ್ನು ಅವರ ಕಡೆಗೂ ವಾಲಿಸಿ ಹಿಡಿದಳು. ನಾನು ಪಾಟೀಲರ ತಲೆ ನೋಡುತ್ತ ನಿಂತೆ, ಇಲ್ಲದಿದ್ದರೆ ನಾನೂ ಅಳುತ್ತಿದ್ದೆ.

ಮುಂದೆ ಸೆನೋಟೆಯಲ್ಲಿ ನಡೆದದ್ದನ್ನು ಆ ಊರಿನವರು ಇನ್ನೂ ನೆನೆಯುತ್ತಿರಬಹುದು. ಗ್ರಹಣ ಬಿಟ್ಟಿದೆ, ಊಟಕ್ಕೆ ಮೊದಲು ಸ್ನಾನ ಆಗಲೇಬೇಕು. ಎದುರಿಗೆ ಮಡು. ನನ್ನ ಇಡೀ ವೃತ್ತಿಯಲ್ಲಿ ಮೊದಲ ಬಾರಿಗೆ ಒಂದು ಕನ್ನಡ ಗುಂಪು ಬಸ್ಸಿನಿಂದ ಸರಸರನೆ ಇಳಿದು, ಷವರಿನ ಮುಂದೆ ತಾನಾಗಿ ಸಾಲು ನಿಂತಿತು. ಟೋಪಿ ಮರೆತವರೂ ವಾಪಸ್ ಹತ್ತಲಿಲ್ಲ. ಪಾಟೀಲರು ತಮಗೆ ಗ್ರಹಣ ಗಿಹಣ ಏನೂ ಇಲ್ಲ ಎನ್ನುತ್ತಲೇ ಎಲ್ಲರಿಗಿಂತ ಮುಂದೆ ನಿಂತಿದ್ದರು. ಲೈಫ್ ಜಾಕೆಟ್ ಕಟ್ಟಿಕೊಂಡ ಹಿರಿಯರು ನೀರಿನಲ್ಲಿ ತೇಲುತ್ತ ಮೂಗು ಹಿಡಿದು ಮುಳುಗಲು ನೋಡುವರು. ಜಾಕೆಟ್ಟು ಮುಳುಗಲು ಬಿಡುವುದಿಲ್ಲ. ತಲೆ ನೆನೆಯದೆ ಸ್ನಾನ ಆಗುವುದಿಲ್ಲ. ಕೊನೆಗೆ ಒಬ್ಬರ ತಲೆಗೆ ಇನ್ನೊಬ್ಬರು ಬೊಗಸೆಯಲ್ಲಿ ನೀರು ಹೊಯ್ದುಕೊಂಡರು. ಈ ಜನಕ್ಕೆ ಇವತ್ತು ಏನಾಗಿದೆ ಎಂದು ಮಾರಿಸೋಲ್ ನನ್ನನ್ನು ಕೇಳಿದಳು. ಬೆಳಿಗ್ಗೆಯ ಸ್ನಾನ ರದ್ದಾಗಿದೆ ಎಂದೆ.

ಸೀರೆಯಲ್ಲಿ ಇಳಿಯಬಾರದೆಂಬ ನಿಯಮವಿತ್ತು. ಜಯಲಕ್ಷ್ಮಮ್ಮ ಗುಡಿಯ ಗೇಟಿನಲ್ಲೇ ಎಸ್ತೆಲಾರಿಂದ ಕಸೂತಿಯ ಉದ್ದ ಅಂಗಿಯೊಂದನ್ನು ಕೊಂಡಿದ್ದರು. ಇದು ನಮ್ಮ ನೈಟಿನೇ ಎಂದು ತೀರ್ಮಾನಿಸಿ, ಅದನ್ನು ತೊಟ್ಟು ಬಂದರು. ಮರದ ಮೆಟ್ಟಿಲಿನ ಕೊನೆಗೆ, ಸೊಂಟದ ತನಕ ನೀರಿನಲ್ಲಿ ಕುಳಿತರು. ಪಲ್ಲವಿ ಮೇಲಿನ ಮೆಟ್ಟಿಲಲ್ಲಿ ಕುಳಿತು ಅತ್ತೆಯ ತಲೆಗೆ ನೀರು ಹಾಕಿದಳು. ಬಹಳ ಹೊತ್ತು ಹಾಕಿದಳು.

ಲಂಡನ್ನಿಗೆ ಬಂದ ಮೇಲೆ ಕಾಲಿನ್ ಸಂಭ್ರಮದಲ್ಲಿದ್ದ. ಗ್ರಾಹಕರೆಲ್ಲ ಸೆನೋಟೆಯನ್ನು ಹೊಗಳಿ ಬರೆದಿದ್ದರು. ಕನ್ನಡಕದ ಬಗ್ಗೆ ಯಾರೂ ಏನೂ ಬರೆಯಲಿಲ್ಲವಲ್ಲ ಎಂದು ಅವನಿಗೆ ಸ್ವಲ್ಪ ಬೇಸರ. ಮಕ್ಕಳು ಅದನ್ನು ಹಾಕಿಕೊಂಡೇ ಮಡುವಿಗೆ ಹಾರಿದರು ಎಂದು ನಾನು ಹೇಳಲಿಲ್ಲ. ಇನ್ನು ಮುಂದೆ ಪ್ರತಿ ಮೆಕ್ಸಿಕೋ ಪ್ರವಾಸದಲ್ಲೂ ಒಂದು ಗ್ರಹಣ ಸೇರಿಸಬಹುದಾ ಎಂದು ಕೇಳಿದ. ಅದು ಬೇರೆಯವರ ಇಲಾಖೆ ಎಂದು ಹೇಳಿ ಕೆಳಗಿಳಿದು ಬಂದೆ.

ಪಲ್ಲವಿಗೆ ಹೆಣ್ಣುಮಗು ಆಯಿತು. ಎಜ್‌ವೇರಿನಲ್ಲಿ ನಾಮಕರಣದ ಊಟಕ್ಕೆ ಹೋಗಿ ಹೋಳಿಗೆ ತಿಂದು ಬಂದೆ. ಅದೇ ವರ್ಷ ನಿವೃತ್ತಳಾದೆ.

ಈಚೆಗೆ ಒಂದು ದಿನ ಲಂಡನ್ನಿನಲ್ಲೂ ಗ್ರಹಣ ಹಿಡಿಯಿತು, ಪೂರ್ತಿ ಅಲ್ಲ, ಒಂದು ಅಂಚು. ನನಗೆ ಅದರ ಗೊಡವೆ ಇರಲಿಲ್ಲ. ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕಿತ್ತು. ಈ ಊರಿನಲ್ಲಿ ಅದು ಸಿಗುವುದು ಗ್ರಹಣಕ್ಕಿಂತ ಅಪರೂಪ. ಕೋಟು ಹಾಕಿಕೊಂಡು ಬಾಗಿಲ ತನಕ ಹೋಗಿದ್ದೆ, ಫೋನ್ ಬಡಿಯಿತು. ಜಯಲಕ್ಷ್ಮಮ್ಮ.

"ಐರಿನ್, ಬಿಡುವಾಗಿದೀರಾ?"

ಹೌದು ಎಂದೆ.

"ಹಿಡಿದಿದೆ ಅಂತೆ. ವಿನಯ್, ಪಲ್ಲವಿ ಆಫೀಸಿಗೆ ಹೋಗಿದಾರೆ. ನಾನು ಹುರುಳಿಕಾಯಿ ಹೆಚ್ತಾ ಇದೀನಿ. ಬಿಡೋವರೆಗೂ ಫೋನ್ ಇಡ್ಬೇಡಿ, ಅಷ್ಟೇ. ಮಾತಾಡ್ಬೇಕು ಅಂತೇನಿಲ್ಲ."

ನಾನು ಕೋಟು ಬಿಚ್ಚಿ ಕುರ್ಚಿಯಲ್ಲಿ ಕುಳಿತೆ. ಆ ಕಡೆ ಮಣೆಯ ಮೇಲೆ ಚಾಕುವಿನ ಸದ್ದು, ಮೊದಮೊದಲು ಬಿಟ್ಟು ಬಿಟ್ಟು, ಆಮೇಲೆ ಒಂದೇ ಸಮ. ನಡುವೆ ಪುಟ್ಟ ದನಿಯೊಂದು "ಅಜ್ಜೀ, ಒನ್ ಫಾರ್ ಮೀ?" ಎಂದಿತು. ಚಾಕು ನಿಂತಿತು.

"ತಗೋ ಪುಟ್ಟೀ" ಎಂದರು ಜಯಲಕ್ಷ್ಮಮ್ಮ. ಮಗು ಹಸಿ ಹುರುಳಿಕಾಯಿ ಕಚ್ಚಿದ್ದು ನನಗೆ ಹೇಸ್‌ನವರೆಗೂ ಕೇಳಿಸಿತು. ಆಮೇಲೆ ಚಾಕು ಮತ್ತೆ ಶುರುವಾಯಿತು.